ಚರ್ಚ್ ಬ್ಯಾಂಡನ್ನು ಲೈವ್ ರೆಕಾರ್ಡ್ ಮಾಡಲು ಯಾವ ಸೆಟ್ ತಗೋಬೇಕು?

ಚರ್ಚಿನಲ್ಲಿ ಸೌಂಡ್ ನೋಡಿಕೊಳ್ಳುತ್ತೇನೆ ಅಂತ ಗೊತ್ತಾದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ: “ಭಾನುವಾರದ ಹಾಡುಗಳನ್ನು ಮಲ್ಟಿಟ್ರ್ಯಾಕ್ ರೆಕಾರ್ಡ್ ಮಾಡಬೇಕು, ಯಾವುದು ತಗೊಳ್ಳೋಣ?” ಮಲ್ಟಿಟ್ರ್ಯಾಕ್ ಅಂದರೆ ಒಂದೊಂದು ಮೈಕಿನ ಶಬ್ದವೂ ಬೇರೆ ಬೇರೆ ಟ್ರ್ಯಾಕ್ ಆಗಿ ಉಳಿಯುವುದು. ಅವರಿಗೆ ಬೇಕಿರುವುದು ಒಂದು ಮಾಡೆಲ್ ಹೆಸರು. ನಾನು ಮೊದಲು ಕೇಳುವುದು ಬೇರೆ. ಆರಾಧನೆ ಹೊತ್ತಿನಲ್ಲಿ ಮಿಕ್ಸರ್ ಹತ್ತಿರ ಎಷ್ಟು ಜನ ಇರುತ್ತಾರೆ?

ಸಾಮಾನ್ಯವಾಗಿ ಒಬ್ಬರೇ. ಅವರೇ ಪಾಸ್ಟರ್ ಮೈಕ್ ಆನ್ ಮಾಡಬೇಕು, ಕುಂಯ್ ಅನ್ನುವ ಫೀಡ್‌ಬ್ಯಾಕ್ ನಿಲ್ಲಿಸಬೇಕು, ಮಾನಿಟರ್ (ವೇದಿಕೆಯವರಿಗೇ ಕೇಳಿಸುವ ಸ್ಪೀಕರ್) ಜಾಸ್ತಿ ಮಾಡಿ ಅಂತ ಕೀಬೋರ್ಡ್ ಹುಡುಗ ಸನ್ನೆ ಮಾಡಿದ್ದನ್ನೂ ನೋಡಬೇಕು. ಇದರ ಮೇಲೆ ಲ್ಯಾಪ್‌ಟಾಪ್, ಶಬ್ದವನ್ನು ಅದಕ್ಕೆ ಮುಟ್ಟಿಸುವ ಇಂಟರ್‌ಫೇಸ್, ಸಾಫ್ಟ್‌ವೇರ್ ಹೇರಿದರೆ ರೆಕಾರ್ಡಿಂಗ್ ನಾಲ್ಕು ವಾರ ನಡೆದು ನಿಲ್ಲುತ್ತದೆ. ಹಾಗಾಗಿ ನನ್ನ ಉತ್ತರ: ಮಿಕ್ಸರೇ ರೆಕಾರ್ಡರ್ ಆಗಿರಲಿ, ಒಂದು ಬಟನ್ ಒತ್ತಿದರೆ ಸಾಕು ಅನ್ನುವ ಹಾಗಿರಲಿ.

ಆದರೆ ಮಿಕ್ಸರ್ ಮೇಲೆ ಯುಎಸ್‌ಬಿ ಅಂತ ಬರೆದಿದ್ದರೆ ಮೋಸ ಹೋಗಬೇಡಿ. ಯಮಾಹಾ ಎಂಜಿ16ಎಕ್ಸ್‌ಯು ಒಳ್ಳೆಯ ಮಿಕ್ಸರೇ, ಆದರೆ ಅದರ ಯುಎಸ್‌ಬಿಯಿಂದ ಬರುವುದು ಎರಡೇ ಟ್ರ್ಯಾಕ್. ಎಲ್ಲ ಕಲಸಿದ ಮೇಲೆ ಡ್ರಮ್ಸ್ ಬೇರೆ, ಹಾಡು ಬೇರೆ ಮಾಡೋದು ಹೇಗೆ?

ಆಮೇಲೆ ಎಣಿಕೆ. ನಮ್ಮ ಕಡೆಯ ಒಂದು ಸಾಧಾರಣ ಬ್ಯಾಂಡ್ ತಗೊಳ್ಳಿ. ಡ್ರಮ್ಸ್‌ಗೆ ನಾಲ್ಕು ಮೈಕ್, ತಬಲಾಗೆ ಎರಡು, ಬಾಸ್ ಒಂದು, ಗಿಟಾರ್ ಒಂದು, ಕೀಬೋರ್ಡ್ ಎರಡು ಲೈನ್, ಹಾಡುವವರು ನಾಲ್ಕು, ಪಾಸ್ಟರ್ ಒಂದು. 15 ಆಯಿತು. ಸಭೆಯ ದನಿಗೆ ಎರಡು ಮೈಕ್ ಸೇರಿದರೆ 17. ಹದಿನಾರು ಚಾನಲ್ ಧಾರಾಳ ಅಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಬೆಹ್ರಿಂಗರ್ ಎಕ್ಸ್‌ಆರ್18ರಲ್ಲಿ 16 ಮೈಕ್ ಇನ್‌ಪುಟ್ ಜೊತೆಗೆ ಎರಡು ಲೈನ್ ಇನ್‌ಪುಟ್ (ಮೈಕ್ ಇಲ್ಲದೆ ವಾದ್ಯವನ್ನು ನೇರ ಸೇರಿಸುವ ಜಾಗ) ಇವೆ. ಕೀಬೋರ್ಡನ್ನು ಅಲ್ಲಿಗೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ. 18 ಟ್ರ್ಯಾಕೂ ಯುಎಸ್‌ಬಿಯಲ್ಲಿ ಬರುತ್ತವೆ, ಆದರೆ ಅದಕ್ಕೆ ಕಂಪ್ಯೂಟರ್ ಬೇಕೇ ಬೇಕು. ಮಿಕ್ಸರ್ ಹತ್ತಿರ ಇನ್ನೊಬ್ಬರು ಕೂರುವುದಾದರೆ ಮಾತ್ರ ಇದನ್ನು ಹೇಳುತ್ತೇನೆ.

ಒಬ್ಬರೇ ಇದ್ದರೆ ಸೌಂಡ್‌ಕ್ರಾಫ್ಟ್ ಯುಐ24ಆರ್ ನೋಡಿ, 22 ಟ್ರ್ಯಾಕ್ ನೇರ ಪೆನ್‌ಡ್ರೈವ್‌ಗೆ ಹೋಗುತ್ತವೆ. ದೊಡ್ಡ ಚರ್ಚ್ ಆದರೆ ಬೆಹ್ರಿಂಗರ್ ಎಕ್ಸ್32 ಮಿಕ್ಸರ್, ಅದರೊಳಗೆ ಕೂರುವ ಎಕ್ಸ್-ಲೈವ್ ರೆಕಾರ್ಡಿಂಗ್ ಕಾರ್ಡ್ ಜೊತೆ. 32 ಟ್ರ್ಯಾಕ್ ಎಸ್‌ಡಿ ಕಾರ್ಡಿಗೆ ಬರೆಯುತ್ತದೆ. 32 ಜಿಬಿ ಕಾರ್ಡ್ ಒಂದೂವರೆ ಗಂಟೆಯೊಳಗೆ ತುಂಬುತ್ತದೆ, ಎರಡು ಸ್ಲಾಟ್ ಇರುವುದು ಅದಕ್ಕೇ. ಗಿಟಾರ್, ಕೀಬೋರ್ಡ್, ಮೂರ್ನಾಲ್ಕು ದನಿ ಅಷ್ಟೇ ಇದ್ದರೆ ಝೂಮ್ ಎಲ್-12 ಸಾಕು.

ಇವುಗಳಲ್ಲಿ ಸಾಮಾನ್ಯವಾಗಿ ಟ್ರ್ಯಾಕ್‌ಗೆ ಹೋಗುವುದು ಗೇನ್ ಆದ ಮೇಲಿನ, ಫೇಡರ್‌ಗಿಂತ ಮೊದಲಿನ ಶಬ್ದ. ಗೇನ್ ಅಂದರೆ ಮೈಕಿನ ಶಬ್ದ ಒಳಗೆ ಬರುವಾಗಲೇ ಎಷ್ಟು ಹೆಚ್ಚಬೇಕು ಅನ್ನುವುದು; ಫೇಡರ್ ಅಂದರೆ ಹೊರಗೆ ಎಷ್ಟು ಕೇಳಬೇಕು ಅಂತ ಹೊಂದಿಸುವ ಜಾರುವ ಗುಂಡಿ. ಅಂದರೆ ಫೇಡರ್ ಎಷ್ಟು ಆಡಿಸಿದರೂ ರೆಕಾರ್ಡಿಂಗ್ ಕೆಡುವುದಿಲ್ಲ, ಗೇನ್ ಮುಟ್ಟಿದರೆ ಕೆಡುತ್ತದೆ. ಸೌಂಡ್ ಚೆಕ್‌ನಲ್ಲಿ ಡ್ರಮ್ಮರ್‌ಗೆ ಜೋರಾಗಿ ಬಾರಿಸಲು ಹೇಳಿ. ಮೀಟರ್ ಮೈನಸ್ 10 ಡಿಬಿ ಹತ್ತಿರ ನಿಲ್ಲಲಿ, ಯಾಕೆಂದರೆ ಆರಾಧನೆಯಲ್ಲಿ ಅವನು ಇನ್ನೂ ಜೋರಾಗಿ ಬಾರಿಸುತ್ತಾನೆ. ಆಮೇಲೆ ಗೇನ್ ತಂಟೆಗೆ ಹೋಗಬೇಡಿ.

ದುಡ್ಡು ಕಡಿಮೆ ಬಿದ್ದಾಗ ಎಲ್ಲರೂ ಮೊದಲು ಬಿಡುವುದು ಸಭೆಯ ಕಡೆಗಿನ ಆ ಎರಡು ಮೈಕ್. ನಾನಾದರೆ ಡ್ರಮ್ಸ್‌ನ ಎರಡು ಮೈಕ್ ಬಿಡುತ್ತೇನೆ, ಇವನ್ನಲ್ಲ. ಇವಿಲ್ಲದೆ ಕೇಳಿದರೆ ಖಾಲಿ ಹಾಲ್‌ನಲ್ಲಿ ಪ್ರಾಕ್ಟೀಸ್ ಮಾಡಿದಂತಿರುತ್ತದೆ. ಇನ್ನೂರು ಜನ ದನಿಗೂಡಿಸಿದ ಕೀರ್ತನೆ ಅಂತ ಯಾರೂ ಹೇಳಲಾರರು. ವೇದಿಕೆಯ ಎರಡು ಮೂಲೆಯಲ್ಲಿ, ಸ್ಪೀಕರ್‌ಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಎರಡು ಕಂಡೆನ್ಸರ್ ಮೈಕ್ ನಿಲ್ಲಿಸಿ. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ (ಮಿಕ್ಸರ್ ಮೈಕ್ ಕೇಬಲ್‌ನಲ್ಲೇ ಕಳಿಸುವ ಕರೆಂಟ್) ಆನ್ ಇರಲಿ. ಸ್ಪೀಕರ್‌ಗೆ ಅವು ಹೋಗಲೇಬಾರದು. ಹಾಲ್‌ನ ಹಿಂದೆ ಇಡುವುದಾದರೆ ಶಬ್ದ ಹತ್ತು ಮೀಟರ್ ಹೋಗಲು ಸುಮಾರು 29 ಮಿಲಿಸೆಕೆಂಡ್ ತಗೊಳ್ಳುತ್ತದೆ ಅನ್ನುವುದು ನೆನಪಿರಲಿ. ಮಿಕ್ಸ್ ಮಾಡುವಾಗ ಆ ಟ್ರ್ಯಾಕನ್ನು ಅಷ್ಟು ಬೇಗ ಶುರುವಾಗುವ ಹಾಗೆ ಎಳೆದುಕೊಳ್ಳಿ. ಇಲ್ಲದಿದ್ದರೆ ಚಪ್ಪಾಳೆ ತಾಳಕ್ಕೆ ಕೂರುವುದಿಲ್ಲ.

ಇನ್ನು ಕರೆಂಟ್. ಜನರೇಟರ್‌ಗೆ ಬದಲಾಗುವ ಆ ಎರಡು ಸೆಕೆಂಡಿನಲ್ಲಿ ಮಿಕ್ಸರ್ ಆಫ್ ಆದರೆ, ಮುಚ್ಚದೆ ಉಳಿದ ಫೈಲ್ ಎಷ್ಟೋ ಸಲ ತೆರೆಯುವುದೇ ಇಲ್ಲ. ಮಿಕ್ಸರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿ. ಆಂಪ್ಲಿಫೈಯರ್‌ಗೆ ಬೇಡ, ಅದು ಯುಪಿಎಸ್ಸನ್ನೇ ತಿಂದುಹಾಕುತ್ತದೆ.

ಕ್ರಿಸ್ಮಸ್, ಈಸ್ಟರ್‌ಗೆ ಮಾತ್ರ ರೆಕಾರ್ಡಿಂಗ್ ಬೇಕು ಅನ್ನುವವರು ಏನೂ ಕೊಳ್ಳಬೇಡಿ. ಡಿಜಿಟಲ್ ಮಿಕ್ಸರ್ ಬಾಡಿಗೆಗೆ ತನ್ನಿ. ಹಿಂದಿನ ದಿನವೇ ತರಿಸಿ, ಪೂರ್ತಿ ಪ್ರಾಕ್ಟೀಸ್ ರೆಕಾರ್ಡ್ ಮಾಡಿ, ಒಂದೊಂದೇ ಟ್ರ್ಯಾಕ್ ಹೆಡ್‌ಫೋನಿನಲ್ಲಿ ಕೇಳಿ ನೋಡಿ.