ಗಂಟೆ, ಪೊರಕೆಯ ಕೋಲು, ಜೇಡ: ತಾಲೀಮು ಎಲ್ಲಿಗೆ ಬಂತು

ಅಮೆರಿಕದ ಜಾರ್ಜಿಯಾ ರಾಜ್ಯದ ನಮ್ಮ ಕಾಲೇಜಿನ ಆಫ್ರಿಕನ್ ನೃತ್ಯ ತಂಡದ ಪ್ರದರ್ಶನ ಹತ್ತಿರವಾಗುತ್ತಿದೆ. ಮೊದಲ ಭಾಗ ಹದಕ್ಕೆ ಬಂದಿದೆ, ಎರಡನೆಯದು ಅರ್ಧ ಆಗಿದೆ, ಕಥೆಯ ಭಾಗ ಇನ್ನೂ ಹಸಿ.

ಮೊದಲಿಗೆ ಅಗ್ಬಾಡ್ಜಾ, ಘಾನಾ ಮತ್ತು ಟೋಗೋದ ಎವೆ ಜನರ ಕುಣಿತ. ಗಾಂಕೊಗುಯಿ ಎಂಬ ಕಬ್ಬಿಣದ ಜೋಡಿ ಗಂಟೆಯೇ ಇದಕ್ಕೆ ಆಧಾರ. ಆವರ್ತಕ್ಕೆ 12 ಮಾತ್ರೆ. 1, 3, 5, 6, 8, 10, 12ರಲ್ಲಿ ಪೆಟ್ಟು. ಮೃದಂಗ ಕಲಿತ ನಾನು ತಿಸ್ರ ನಡೆಯ, ಅಂದರೆ ಮೂರು ಮೂರು ಮಾತ್ರೆಯ, ನಾಲ್ಕು ಅಕ್ಷರವೆಂದು ಹಿಡಿದೆ. ಲೆಕ್ಕವೇನೋ ಸರಿ. ಆದರೆ ಹೆಜ್ಜೆ ಬೀಳುವುದು 1, 4, 7, 10ಕ್ಕೆ. ನಡುವಿನ ಎರಡು ಹೆಜ್ಜೆಗಳಿಗೆ ಗಂಟೆಯ ಆಸರೆಯೇ ಇಲ್ಲ. ಚಿಕ್ಕ ಡೋಲು ಕಗಾನು ಅಂತೂ ಎಲ್ಲ ಹೆಜ್ಜೆಗಳನ್ನೂ ತಪ್ಪಿಸಿಯೇ ನುಡಿಯುತ್ತದೆ: ತಕಿಟದಲ್ಲಿ ‘ತ’ ನುಂಗಿ ‘ಕಿಟ’ ಮಾತ್ರ. ಅದಕ್ಕೇ ನಮ್ಮ ಗುರುಗಳು ವಾದಕರನ್ನೆಲ್ಲ ಎಬ್ಬಿಸಿ, ಬೆನ್ನು ಬಾಗಿಸಿ, ಭುಜ ಹಿಂದೆಮುಂದೆ ಆಡಿಸುತ್ತ ಕುಣಿಸಿದರು. ಕುಣಿದ ಮೇಲೆ ಕಗಾನು ತಾನಾಗಿ ಕೈಗೆ ಬಂತು. ಬೆರಳೆಣಿಕೆಯಿಂದ ಇದು ಆಗುವ ಕೆಲಸವಲ್ಲ.

ಎರಡನೆಯ ಭಾಗದಲ್ಲಿ ಡೋಲೇ ಇಲ್ಲ. ಪಕ್ಕದ ದಕ್ಷಿಣ ಕ್ಯಾರೊಲಿನಾದಲ್ಲಿ 1739ರಲ್ಲಿ ಸ್ಟೋನೊ ನದಿಯ ಬಳಿ ಗುಲಾಮರು ಡೋಲು ಬಾರಿಸುತ್ತ ದಂಗೆ ಎದ್ದರು. 1740ರ ಕಾನೂನು ಅವರಿಗೆ ಡೋಲನ್ನೇ ನಿಷೇಧಿಸಿತು. ಈ ಕರಾವಳಿಯಲ್ಲಿ ಉಳಿದುಬಂದ, ವೃತ್ತದಲ್ಲಿ ಸುತ್ತುತ್ತ ಹಾಡುವ ಭಕ್ತಿಯ ಆಚರಣೆ ರಿಂಗ್ ಶೌಟ್‌ನಲ್ಲಿ ಚಪ್ಪಾಳೆ, ಪಾದ ಮತ್ತು ಮರದ ನೆಲಕ್ಕೆ ಕುಟ್ಟುವ ಪೊರಕೆಯ ಕೋಲೇ ವಾದ್ಯ. ವೃತ್ತ ಸುತ್ತುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಕಾಲಿನ ಮೇಲೆ ಕಾಲು ಹಾಯಬಾರದು. ಹಾಯ್ದರೆ ಅದು ಭಕ್ತಿಯಲ್ಲ, ಬರಿಯ ಕುಣಿತವಾಗುತ್ತದೆ. ನಮ್ಮ ಸಭಾಂಗಣದ ಸಿಮೆಂಟು ನೆಲದಲ್ಲಿ ಕೋಲು ಸದ್ದೇ ಮಾಡುತ್ತಿರಲಿಲ್ಲ. ಪ್ಲೈವುಡ್ ಹಲಗೆ ಹಾಕಿದ ಮೇಲೆ ಎದೆಗೆ ತಾಗುವ ಸದ್ದು ಬಂತು.

ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳ ಡಮಾಮಿ ಕುಣಿತವನ್ನೂ ಸೇರಿಸೋಣವೇ ಎಂದು ಯಾರೋ ನನ್ನನ್ನು ಕೇಳಿದರು. ಸಿದ್ದಿಗಳಿಂದಲೇ ಕಲಿಯದೆ ಬೇಡ ಎಂದೆ. ವಿಡಿಯೊ ನೋಡಿ ಮಾಡುವುದು ಬರಿಯ ಅಣಕ.

ಇನ್ನು ಅನಾನ್ಸಿ. ಘಾನಾದ ಅಕಾನ್ ಜನರ ಕಥೆಗಳ ಈ ಕಪಟಿ ಜೇಡ ಗುಲಾಮರ ಜೊತೆ ಜಮೈಕಾಕ್ಕೂ ಹೋಯಿತು. ನಮ್ಮ ಕಥೆಗಾರ ಮಾತ್ರ ವಾರ್ತೆ ಓದುವವರಂತೆ ಹೇಳುತ್ತಿದ್ದಾನೆ. ಅಕಾನ್ ಪದ್ಧತಿಯಲ್ಲಿ ಕೇಳುಗರು ಕಥೆಯನ್ನು ನಡುವೆಯೇ ತಡೆದು ಹಾಡು ಎತ್ತಬಹುದು. ಹಾಗಾಗಿ ಮುಂದಿನ ವಾರದಿಂದ ಇಬ್ಬರು ಗಾಯಕಿಯರು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಅವನನ್ನು ಬೇಕೆಂದಲ್ಲಿ ತಡೆಯಲಿದ್ದಾರೆ. ಎಲ್ಲಿ ತಡೆಯುತ್ತಾರೆಂದು ಅವನಿಗೆ ಹೇಳುವುದಿಲ್ಲ.