ಬಿಡಿಬಿಡಿಯಾಗಿ ಆರಿಸಿದ ಬಣ್ಣಗಳು

ಅಕ್ಕನ ಮಗಳು ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಾಳೆ. ಎಲೆ, ಹೂವು, ಕಾಯಿಗಳನ್ನು ಕಂಡದ್ದು ಕಂಡಂತೆ, ಒಂದು ನರವನ್ನೂ ಬಿಡದೆ ಬಣ್ಣದಲ್ಲಿ ಬಿಡಿಸಬೇಕೆಂಬ ಆಸೆ ಅವಳಿಗೆ ಹುಟ್ಟಿದ್ದು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡಾಡುತ್ತಾ. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಒಂದೂವರೆ ಸಾವಿರ ರೂಪಾಯಿ ಅವಳ ಕೈಯಲ್ಲಿತ್ತು, ಮನಸ್ಸಿನಲ್ಲಿ ಎಪ್ಪತ್ತೆರಡು ಬಣ್ಣದ ಪೆನ್ಸಿಲ್‌ಗಳ ಒಂದು ತಗಡಿನ ಡಬ್ಬಿ ಇತ್ತು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದ ನಾನು ಅವಳೊಡನೆ ಒಂದು ಶನಿವಾರ ಬೆಳಿಗ್ಗೆ ದೇವರಾಜ ಅರಸು ರಸ್ತೆಯ ಕಡೆ ಹೊರಟೆ. ಆ ಹಣಕ್ಕೆ ಎಪ್ಪತ್ತೆರಡು ಬಣ್ಣಗಳು ಖಂಡಿತ ಸಿಗುತ್ತಿದ್ದವು, ಆದರೆ ಅವಳು ಮಾಡಬಯಸಿದ ಕೆಲಸಕ್ಕೆ ಅವು ಒದಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು, ಈಗಲೂ ಆಗಿದೆ.

ಕಾರಣ ಪೆನ್ಸಿಲ್ಲಿನ ಹೊಟ್ಟೆಯಲ್ಲಿದೆ. ಬಣ್ಣದ ಪೆನ್ಸಿಲ್ಲಿನ ಕಡ್ಡಿಯಲ್ಲಿ ಮುಖ್ಯವಾಗಿ ಇರುವುದು ವರ್ಣದ್ರವ್ಯ, ಅದನ್ನು ಹಿಡಿದಿಡುವ ಮೇಣ ಅಥವಾ ಎಣ್ಣೆ ಮತ್ತು ಅಂಟು, ಇವುಗಳ ಜೊತೆಗೆ ತೂಕ ತುಂಬುವ ಬಿಳಿ ಜೇಡಿ, ಸೀಮೆಸುಣ್ಣ, ಟಾಲ್ಕ್‌ನಂಥ ಪುಡಿಗಳು. ವರ್ಣದ್ರವ್ಯ ದುಬಾರಿ, ಪುಡಿ ಅಗ್ಗ. ಬೆಲೆ ಇಳಿಯಬೇಕಾದಾಗ ಕಡಿಮೆಯಾಗುವುದು ಮೊದಲನೆಯದು, ಹೆಚ್ಚಾಗುವುದು ಎರಡನೆಯದು. ಒತ್ತಿ ಒತ್ತಿ ಗೀಚಿದರೂ ಹಾಳೆಯ ಮೇಲೆ ತೆಳುವಾದ, ಸುಣ್ಣ ಬೆರೆತಂಥ ಬಣ್ಣವೇ ಮೂಡುವ ಪೆನ್ಸಿಲ್‌ಗಳು ಹೀಗೆ ಹುಟ್ಟುತ್ತವೆ. ಮಾಮೂಲಿ ಕಪ್ಪು ಪೆನ್ಸಿಲ್ಲಿನ ಕಡ್ಡಿಯನ್ನು ಕುಲುಮೆಯಲ್ಲಿ ಸುಟ್ಟು ಗಟ್ಟಿ ಮಾಡುತ್ತಾರೆ. ಬಣ್ಣದ ಕಡ್ಡಿಯನ್ನು ಹಾಗೆ ಸುಟ್ಟರೆ ಮೇಣವೂ ಬಣ್ಣವೂ ಉಳಿಯುವುದಿಲ್ಲವಾದ್ದರಿಂದ ಅದನ್ನು ಒಣಗಿಸಿ ಮರದೊಳಗೆ ಕೂರಿಸುತ್ತಾರೆ. ಅದು ಮೆದುವಾಗಿರುವುದೂ, ಒಮ್ಮೆ ನೆಲಕ್ಕೆ ಬಿದ್ದರೆ ಒಳಗೊಳಗೇ ತುಂಡಾಗುವುದೂ ಈ ಕಾರಣದಿಂದಲೇ.

ನಾವು ಹೋದ ಅಂಗಡಿ ದೊಡ್ಡದಲ್ಲ, ಆದರೆ ಅಲ್ಲಿ ಕಲಾವಿದರ ಪೆನ್ಸಿಲ್‌ಗಳನ್ನು ಬಿಡಿಯಾಗಿಯೂ ಮಾರುತ್ತಾರೆ, ಕೊಳ್ಳುವ ಮೊದಲು ಗೀಚಿ ನೋಡಲು ಬಿಡುತ್ತಾರೆ. ಈ ಎರಡು ಸೌಲಭ್ಯಗಳಿರುವ ಅಂಗಡಿ ಊರಿನಲ್ಲಿದ್ದರೆ, ನಾಲ್ಕು ಕಾಸು ಹೆಚ್ಚಾದರೂ ಅಲ್ಲಿಗೇ ಹೋಗಬೇಕೆಂದು ನಾನು ಹೇಳುತ್ತೇನೆ. ಚಿತ್ರ ಬರೆಯುವ ಹಾಳೆಯನ್ನೇ ನಾಲ್ಕು ತುಂಡು ಮಾಡಿ ಮನೆಯಿಂದ ಒಯ್ದಿದ್ದೆವು. ಅಂಗಡಿಗಳಲ್ಲಿ ಇಟ್ಟಿರುವ ಬಿಲ್ಲಿನ ಹಾಳೆ ನುಣುಪಾಗಿರುತ್ತದೆ, ಅದರ ಮೇಲೆ ಯಾವ ಪೆನ್ಸಿಲ್ಲಿನ ಗುಣವೂ ಸರಿಯಾಗಿ ತಿಳಿಯುವುದಿಲ್ಲ.

ಮೊದಲು ನೋಡಿದ್ದು ಪೆನ್ಸಿಲ್ಲಿನ ಹಿಂಬದಿಯನ್ನು. ಕಡ್ಡಿ ಮರದ ನಟ್ಟನಡುವೆ ಇದೆಯೋ ಒಂದು ಕಡೆಗೆ ವಾಲಿದೆಯೋ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವಾಲಿದ್ದರೆ ಮೆಂಡರ್‌ಗೆ ಹಾಕಿದಾಗ ಮರ ಒಂದು ಪಕ್ಕ ಮಾತ್ರ ಹೋಗಿ ಮೊನೆ ಮುರಿಯುತ್ತಲೇ ಇರುತ್ತದೆ, ಅರ್ಧ ಪೆನ್ಸಿಲ್ ಕಸದ ಬುಟ್ಟಿಯ ಪಾಲಾಗುತ್ತದೆ. ಎರಡು ಚೂರು ಮರವನ್ನು ಅಂಟಿಸಿದ ಗೆರೆ ಬಿಗಿಯಾಗಿದೆಯೇ ಎಂದೂ ನೋಡಿದೆವು. ಅನಂತರ ಗೀಚುವ ಪರೀಕ್ಷೆ. ಕೈಯ ಭಾರವನ್ನೇ ಬಿಡದೆ ಒಂದು ಪಟ್ಟಿ, ಗಟ್ಟಿಯಾಗಿ ಒತ್ತಿ ಇನ್ನೊಂದು ಪಟ್ಟಿ. ಹಗುರವಾದ ಪಟ್ಟಿಗೂ ಒತ್ತಿದ ಪಟ್ಟಿಗೂ ನಡುವೆ ಎಷ್ಟು ಮೆಟ್ಟಿಲುಗಳು ಮೂಡುತ್ತವೆಯೋ ಅಷ್ಟು ಆ ಪೆನ್ಸಿಲ್ ಕಲಾವಿದನ ಕೈಗೆ ಮಣಿಯುತ್ತದೆ. ಆಮೇಲೆ ಹಳದಿಯ ಮೇಲೆ ನೀಲಿ, ಅದರ ಮೇಲೆ ಮತ್ತೆ ಹಳದಿ. ಮೂರನೆಯ ಪದರ ಹಿಡಿಯದೆ ಜಾರಿದರೆ ಆ ಕಡ್ಡಿಯಲ್ಲಿ ಮೇಣವೇ ಹೆಚ್ಚು ಎಂದು ತಿಳಿಯಬಹುದು. ಗೀಚುವಾಗ ಮರಳು ಕೆರೆದಂತಾದರೆ ಪುಡಿಯನ್ನು ನುಣ್ಣಗೆ ಅರೆದಿಲ್ಲವೆಂದು ಅರ್ಥ.

ಶಾಲಾ ಮಕ್ಕಳ ಪೆನ್ಸಿಲ್‌ಗಳ ಬಗ್ಗೆ ನನಗೆ ತಾತ್ಸಾರವಿಲ್ಲ. 1931ರಿಂದ ನಡೆದುಬಂದ ಕ್ಯಾಮ್ಲಿನ್ ಆಗಲಿ, ಹಿಂದೂಸ್ತಾನ್ ಪೆನ್ಸಿಲ್ಸ್‌ನವರ ಅಪ್ಸರಾ, ನಟರಾಜ ಆಗಲಿ, ಗುಜರಾತಿನ ಡೋಮ್ಸ್ ಆಗಲಿ ಮಕ್ಕಳ ಕೈಗೆ ಎಟುಕುವ ಬೆಲೆಯಲ್ಲಿ ಬಣ್ಣ ಕೊಟ್ಟಿವೆ. ನನ್ನ ತರಗತಿಗಳು ನಡೆದದ್ದೇ ಅವುಗಳ ಬಲದ ಮೇಲೆ. ಕಚ್ಚಾ ನಕ್ಷೆಗೆ, ಬಣ್ಣಗಳ ಹೊಂದಾಣಿಕೆ ಪರೀಕ್ಷಿಸಲಿಕ್ಕೆ, ಹೊರಗೆ ಕೂತು ಟಿಪ್ಪಣಿ ಮಾಡಿಕೊಳ್ಳಲಿಕ್ಕೆ ಅವು ಬೇಕು. ಹಾಗಾಗಿ ಅಂಥ ಇಪ್ಪತ್ತನಾಲ್ಕು ಬಣ್ಣಗಳ ಒಂದು ಡಬ್ಬಿಯನ್ನು ಮೊದಲೇ ಎತ್ತಿಟ್ಟೆವು. ಉಳಿದ ಹಣದಲ್ಲಿ ಕಲಾವಿದರ ದರ್ಜೆಯ ಬಿಡಿ ಪೆನ್ಸಿಲ್‌ಗಳು ಎಂದು ನಿರ್ಧರಿಸಿದೆವು. ಅಂಥ ಒಂದು ಪೆನ್ಸಿಲ್ಲಿನ ಬೆಲೆ ಮಕ್ಕಳ ಡಬ್ಬಿಯ ಬೆಲೆಗೆ ಹತ್ತಿರ ಹತ್ತಿರ ಇದ್ದದ್ದನ್ನು ಕಂಡು ಹುಡುಗಿಯ ಮುಖ ಬಾಡಿತು. ಆ ಬೆಲೆ ಏಕೆ ಎಂಬುದನ್ನು ಅವಳಿಗೆ ನಾನು ಹೇಳಬೇಕಾಗಿತ್ತು.

ಬೆಲೆಯ ದೊಡ್ಡ ಪಾಲು ಬಣ್ಣದ ಬಾಳಿಕೆಗೆ ಹೋಗುತ್ತದೆ. ಬೆಳಕಿಗೆ ಬಿದ್ದಾಗ ಬಣ್ಣ ಮಾಸದೆ ನಿಲ್ಲುವ ಗುಣವನ್ನು ಕಂಪನಿಗಳು ಅಳೆದು ಪೆನ್ಸಿಲ್ಲಿನ ಮೈಮೇಲೋ ಬಣ್ಣದ ಪಟ್ಟಿಯಲ್ಲೋ ಮುದ್ರಿಸುತ್ತವೆ. ಜರ್ಮನಿಯ ಫೇಬರ್-ಕ್ಯಾಸ್ಟೆಲ್ 1908ರಲ್ಲಿ ಹೊರತಂದ, ಈಗ 120 ಬಣ್ಣಗಳಿರುವ ಪಾಲಿಕ್ರೋಮೋಸ್ ಪೆನ್ಸಿಲ್‌ಗಳ ಮೇಲೆ ನಕ್ಷತ್ರದ ಗುರುತಿರುತ್ತದೆ, ಮೂರು ನಕ್ಷತ್ರ ಇದ್ದರೆ ಅತಿ ಹೆಚ್ಚು ಬಾಳಿಕೆ. ಬಣ್ಣದ ಪೆನ್ಸಿಲ್‌ಗಳಿಗೆಂದೇ ಅಮೆರಿಕದ ಎಎಸ್‌ಟಿಎಂ ಸಂಸ್ಥೆ ರೂಪಿಸಿದ ಡಿ6901 ಎಂಬ ಮಾನದಂಡವಿದೆ. ಸ್ವಿಟ್ಜರ್ಲೆಂಡಿನ ಕರಾನ್ ದಾಶ್ ತನ್ನ ಅತ್ಯುತ್ತಮ ಸಾಲಿಗೆ ಲ್ಯೂಮಿನೆನ್ಸ್ 6901 ಎಂದು ಹೆಸರಿಟ್ಟಿರುವುದು ಆ ಸಂಖ್ಯೆಯಿಂದಲೇ. ಇಂಥ ಯಾವ ಗುರುತೂ ಇಲ್ಲದ ಡಬ್ಬಿಯ ಮೇಲೆ ಕಲಾವಿದರ ದರ್ಜೆ ಎಂದು ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರೂ ನಾನು ಹಣ ಹಾಕುವುದಿಲ್ಲ. ಒಳ್ಳೆಯ ಸಾಲುಗಳಲ್ಲಿಯೂ ಎಲ್ಲ ಬಣ್ಣಗಳೂ ಸಮನಲ್ಲ. ಸಾಮಾನ್ಯವಾಗಿ ಗುಲಾಬಿ, ನೇರಳೆ ಬಣ್ಣಗಳು ಬೇಗ ಸೋಲುತ್ತವೆ. ಕಾವಿ, ಮಣ್ಣಿನ ಹಳದಿಯಾದ ಓಕರ್, ಮಣ್ಣಿನ ಕಂದಾದ ಅಂಬರ್‌ನಂಥ ಕಬ್ಬಿಣದ ಅಂಶವುಳ್ಳ ಬಣ್ಣಗಳು ಬಿಸಿಲಿಗೆ ಜಗ್ಗುವುದಿಲ್ಲ.

ಬಣ್ಣಗಳ ಆಯ್ಕೆಗೆ ಬಂದಾಗ ನನಗೆ ಒಂದು ವಿಚಾರ ಹೊಳೆಯಿತು. ಅಂಗಡಿಯವರಿಗೆ ಹೇಳಿ, ಅಲ್ಲಿಂದ ನಡೆದು ದೇವರಾಜ ಮಾರುಕಟ್ಟೆಗೆ ಹೋಗಿ ಒಂದು ಕವಳೆ ವೀಳ್ಯದೆಲೆ, ಒಂದು ಮೊಳ ಕನಕಾಂಬರ, ಒಂದಿಷ್ಟು ಮಲ್ಲಿಗೆ ಕೊಂಡು ಮರಳಿದೆವು. ಬಣ್ಣದ ಹೆಸರನ್ನು ನಂಬಿ ಕೊಳ್ಳುವುದಕ್ಕಿಂತ ಬಿಡಿಸಬೇಕಾದ ವಸ್ತುವನ್ನೇ ಪಕ್ಕದಲ್ಲಿಟ್ಟುಕೊಂಡು ಕೊಳ್ಳುವುದು ಲೇಸು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲೆಗೆ ಸರಿಹೊಂದಿದ ಒಂದು ಹಸಿರು, ಬಾಗಿಲ ಹೊರಗೆ ಹಗಲು ಬೆಳಕಿನಲ್ಲಿ ಹಿಡಿದಾಗ ನೀಲಿಗೆ ತಿರುಗಿ ಎಲೆಯಿಂದ ದೂರ ಸರಿಯಿತು. ಅನಂತರ ಪ್ರತಿಯೊಂದು ಪಟ್ಟಿಯನ್ನೂ ಬಾಗಿಲಿಗೆ ತಂದು ನೋಡಿದೆವು. ಅಂಗಡಿಯ ಯಜಮಾನರು ಬೇಸರಪಡದೆ ನಮ್ಮ ಜೊತೆ ತಾವೂ ಬಂದು ನಿಂತರು.

ವೀಳ್ಯದೆಲೆಯ ಹಸಿರನ್ನು ಒಂದೇ ಪೆನ್ಸಿಲ್ಲಿನಲ್ಲಿ ಹುಡುಕುವುದು ವ್ಯರ್ಥ. ಡಬ್ಬಿಗಳಲ್ಲಿ ಬರುವ ಹಸಿರುಗಳಲ್ಲಿ ಹೆಚ್ಚಿನವು ಯಾವ ಗಿಡದಲ್ಲಿಯೂ ಕಾಣದಷ್ಟು ಝಗಝಗಿಸುತ್ತವೆ. ತಣ್ಣನೆಯ ನಿಂಬೆ ಹಳದಿಯ ಮೇಲೆ ಹಗುರವಾಗಿ ಇಂಡಿಗೋ, ಅದರ ಮೇಲೆ ಓಕರ್, ನೆರಳು ಬೀಳುವಲ್ಲಿ ಹಸಿರಿನ ಮೇಲೆ ಒಂದು ಪದರ ಕೆಂಪು ಹಾಕಿದಾಗ ಎಲೆ ಹಾಳೆಯ ಮೇಲೆ ಎದ್ದು ಬಂತು. ನೆರಳಿಗೆ ಕಪ್ಪು ಬಳಸಿದರೆ ಎಲೆ ಕೊಳೆತಂತೆ ಕಾಣುತ್ತದೆ, ಹಸಿರಿಗೆ ಎದುರು ಬಣ್ಣವಾದ ಕೆಂಪನ್ನು ಬಳಸಿದರೆ ಆಳ ಬರುತ್ತದೆ. ಇದನ್ನು ಕಣ್ಣಾರೆ ಕಂಡ ಮೇಲೆ ಎಪ್ಪತ್ತೆರಡರ ಡಬ್ಬಿಯ ಮಾತು ಅವಳ ಬಾಯಿಂದ ಬರಲಿಲ್ಲ. ಕೊನೆಗೆ ಆರಿಸಿದ್ದು ನಿಂಬೆ ಹಳದಿ, ಓಕರ್, ಬೆಚ್ಚಗಿನ ಒಂದು ಕೆಂಪು, ಕಡುಗೆಂಪು, ಇಂಡಿಗೋ, ಆಲಿವ್ ಹಸಿರು, ಕಾವಿಯ ಕಂದು, ಕಡು ಅಂಬರ್. ಕನಕಾಂಬರದ ಕೇಸರಿ ಹಳದಿಯ ಮೇಲೆ ಕೆಂಪು ಕೂತಾಗ ತಾನಾಗಿ ಮೂಡಿತು. ಮಲ್ಲಿಗೆಗೆ ಬಿಳಿ ಪೆನ್ಸಿಲ್ ಬೇಕೆಂದು ಅವಳು ಕೇಳಿದಳು. ಬೇಡವೆಂದೆ. ಹೂವಿನ ಬಿಳಿ ಎಂದರೆ ಮುಟ್ಟದೆ ಬಿಟ್ಟ ಹಾಳೆ, ಎಸಳಿನ ತಿರುವಿಗೆ ಇಂಡಿಗೋ ಮತ್ತು ಅಂಬರ್ ಸೇರಿದ ತೆಳು ಬೂದು ನೆರಳು ಸಾಕು.

ಕಾಗದದ ವಿಷಯದಲ್ಲಿ ನಾನು ಹಟ ಮಾಡಿದೆ. ಮೊನಚಾದ ಪೆನ್ಸಿಲ್ಲಿಗೆ ಹಾಳೆಯ ಮೈಯಲ್ಲಿ ಸಣ್ಣ ಹಲ್ಲುಗಳಿರಬೇಕು, ಪದರದ ಮೇಲೆ ಪದರ ನಿಲ್ಲುವುದು ಆ ಹಲ್ಲುಗಳಲ್ಲಿ. ಹಲ್ಲು ತೀರಾ ಒರಟಾದರೆ ನರಗಳ ಸೂಕ್ಷ್ಮ ಗೆರೆ ಒಡೆಯುತ್ತದೆ, ತೀರಾ ನುಣುಪಾದರೆ ಎರಡೇ ಪದರಕ್ಕೆ ಮೈ ತುಂಬುತ್ತದೆ. ಸುಮಾರು 200 ಜಿ.ಎಸ್.ಎಂ. (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ದಪ್ಪದ, ಆಮ್ಲರಹಿತ ಎಂದು ನಮೂದಿಸಿದ ಒಂದು ಪುಟ್ಟ ಪುಸ್ತಕ ಕೊಂಡೆವು. ಅದಕ್ಕಾಗಿ ಎರಡು ಪೆನ್ಸಿಲ್‌ಗಳನ್ನು ಕೈಬಿಡಬೇಕಾಯಿತು. ಕೈಬಿಟ್ಟದ್ದು ಸರಿಯಾಗಿಯೇ ಇತ್ತು. ಆಮ್ಲ ಉಳಿದ ಕಾಗದ ವರ್ಷ ಕಳೆದಂತೆ ತಾನೇ ಹಳದಿಯಾಗುವುದರಿಂದ ಅದರ ಮೇಲೆ ಬಾಳಿಕೆಯ ಬಣ್ಣ ಹಾಕಿ ಪ್ರಯೋಜನವಿಲ್ಲ. ಹರಿತವಾದ ಅಲಗಿನ ಲೋಹದ ಮೆಂಡರ್ ಒಂದನ್ನು ಉಳಿದ ಚಿಲ್ಲರೆಯಲ್ಲಿ ತೆಗೆದುಕೊಂಡೆವು.

ಮನೆಗೆ ಬಂದ ಮೇಲೆ ಒಂದು ಪ್ರಯೋಗ ಮಾಡಿದೆವು, ಇದಕ್ಕೆ ಖರ್ಚಿಲ್ಲ. ಒಂದು ಹಾಳೆಯ ಮೇಲೆ ಡಬ್ಬಿಯ ಎಲ್ಲ ಬಣ್ಣಗಳನ್ನೂ ಬಿಡಿ ಪೆನ್ಸಿಲ್‌ಗಳ ಬಣ್ಣಗಳನ್ನೂ ಪಟ್ಟಿಪಟ್ಟಿಯಾಗಿ ತುಂಬಿ, ಅರ್ಧ ಭಾಗಕ್ಕೆ ದಪ್ಪ ಕಪ್ಪು ರಟ್ಟನ್ನು ಅಂಟಿಸಿ, ಬಿಸಿಲು ಬೀಳುವ ಪಶ್ಚಿಮದ ಕಿಟಕಿಯ ಗಾಜಿಗೆ ಒಳಗಡೆಯಿಂದ ಕಟ್ಟಿದೆವು. ಶಿವರಾತ್ರಿಯ ಹೊತ್ತಿಗೆ ಕಟ್ಟಿದ ಹಾಳೆಯನ್ನು ಮುಂಗಾರಿನ ಮೋಡ ಕವಿಯುವವರೆಗೂ ಬಿಚ್ಚಲಿಲ್ಲ. ರಟ್ಟು ತೆಗೆದಾಗ ಡಬ್ಬಿಯ ಗುಲಾಬಿಯ ತೆರೆದ ಭಾಗ ಹೆಚ್ಚುಕಡಿಮೆ ಬರಿಯ ಹಾಳೆಯಾಗಿತ್ತು, ನೇರಳೆ ಬೂದಿಯಾಗಿತ್ತು, ಒಂದು ಕಿತ್ತಳೆ ಅರ್ಧಕ್ಕೆ ಇಳಿದಿತ್ತು. ಅದೇ ಡಬ್ಬಿಯ ಕಂದು ಬಣ್ಣ ಚೆನ್ನಾಗಿ ನಿಂತಿತ್ತು, ಅದನ್ನು ಮತ್ತೆ ದುಬಾರಿ ಬೆಲೆಗೆ ಕೊಳ್ಳುವ ಅಗತ್ಯವಿರಲಿಲ್ಲ. ಮೂರು ನಕ್ಷತ್ರದ ಬಿಡಿ ಪೆನ್ಸಿಲ್‌ಗಳಲ್ಲಿ ರಟ್ಟಿನಡಿಯ ಭಾಗಕ್ಕೂ ತೆರೆದ ಭಾಗಕ್ಕೂ ಗಡಿ ಹುಡುಕಿದರೂ ಸಿಗಲಿಲ್ಲ.

ಯಾವ ಬಣ್ಣವನ್ನು ಡಬ್ಬಿಯಿಂದಲೇ ಬಳಸಬಹುದು, ಯಾವುದಕ್ಕೆ ಹಣ ಕೂಡಿಸಬೇಕು ಎಂಬುದನ್ನು ಆ ಹಾಳೆಯೇ ಈಗ ತೀರ್ಮಾನಿಸುತ್ತದೆ. ಅವಳು ಅದನ್ನು ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿಕೊಂಡು, ಕೈಯಲ್ಲಿ ಹಣ ಸೇರಿದಂತೆ ಒಂದೊಂದೇ ಪೆನ್ಸಿಲ್ ಕೊಳ್ಳುತ್ತಿದ್ದಾಳೆ. ಮುಂದಿನದು ಮೆಜೆಂಟಾ. ಕಾಗದದ ಹೂವಿನ (ಬೋಗನ್‌ವಿಲ್ಲಾ) ಆ ಗಾಢ ಬಣ್ಣವನ್ನು ಕೆಂಪು ನೀಲಿ ಬೆರೆಸಿ ತರಲು ಸಾಧ್ಯವಿಲ್ಲ, ಮಿಶ್ರಣ ಕಂದಿಗೆ ತಿರುಗುತ್ತದೆ. ಅಂಗಡಿಯಲ್ಲಿರುವ ಮೆಜೆಂಟಾಗಳಲ್ಲಿ ನಕ್ಷತ್ರ ಹೆಚ್ಚಿರುವುದನ್ನು ಬರೆದುಕೊಂಡು ಬಂದಿದ್ದಾಳೆ, ಆ ಚಿತ್ರವನ್ನು ಗೋಡೆಗೆ ತೂಗಿಸದೆ ಫೈಲಿನೊಳಗೇ ಇಡುವುದೆಂದೂ ನಿರ್ಧರಿಸಿದ್ದಾಳೆ.