ಕಾಗದ ಇಲ್ಲದವರ ಅರಣ್ಯ ಹಕ್ಕಿನ ಅರ್ಜಿ

ಸಾಗರ, ಹೊಸನಗರ ಕಡೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಾಗುವಳಿ ಮಾಡುವ ಕಾಡಿನ ಜಮೀನಿಗೆ ಹಕ್ಕು ಕೇಳಿ ಅರ್ಜಿ ಹಾಕಿ, ಅದು ವಜಾ ಆದವರನ್ನು ಕೇಳಿ ನೋಡಿ. "75 ವರ್ಷದ ದಾಖಲೆ ಇಲ್ಲವಂತೆ" ಅನ್ನುತ್ತಾರೆ. ದಾಖಲೆ ಎಲ್ಲಿಂದ ಬರಬೇಕು? ಜಮೀನ್ದಾರರ ಮನೆಯ ಪೆಟ್ಟಿಗೆಯಲ್ಲಿ ಪಹಣಿ, ಕಂದಾಯದ ರಸೀದಿ ಜೋಪಾನವಾಗಿರುತ್ತವೆ. ಬಾಯಿಮಾತಿನ ಗೇಣಿಗೆ ಗದ್ದೆ ಮಾಡಿದವರಿಗೆ, ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಲ್ಲಿ ಊರೇ ಮುಳುಗಿಹೋದವರಿಗೆ ಅಂಥ ಪೆಟ್ಟಿಗೆಯೇ ಇರಲಿಲ್ಲ. ಬಡವರ ಅರ್ಜಿ ಸೋಲುವುದು ಇಲ್ಲಿಯೇ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. 75 ವರ್ಷದ ಷರತ್ತು ಪರಿಶಿಷ್ಟ ಪಂಗಡದವರಿಗೆ ಇಲ್ಲ. ಆ ಪಟ್ಟಿಯಲ್ಲಿರುವ ಹಸಲರು ಅದನ್ನು ತೋರಿಸಬೇಕಾಗಿಲ್ಲ. ಉಳಿದವರಿಗೂ ಅದು ಕುಟುಂಬ ಕಾಡನ್ನು ನೆಚ್ಚಿ ಬದುಕಿದ ಕಾಲದ ಲೆಕ್ಕ. ಈಗಿನ ತುಂಡು ಜಮೀನನ್ನೇ ಅಷ್ಟು ವರ್ಷ ಉತ್ತಿರಬೇಕು ಎಂದಲ್ಲ. ಜಮೀನು 2005ರ ಡಿಸೆಂಬರ್ 13ಕ್ಕಿಂತ ಮುಂಚಿನಿಂದ ಸ್ವಾಧೀನದಲ್ಲಿರಬೇಕು, ಅಷ್ಟೆ.

ಈ ಕಾಯ್ದೆಯ 2008ರ ನಿಯಮಗಳಲ್ಲಿ 13ನೇ ನಿಯಮ ಕೇಳುವುದು ಒಂದಕ್ಕಿಂತ ಹೆಚ್ಚು ಸಾಕ್ಷ್ಯ. ರೇಷನ್ ಕಾರ್ಡಿನ ಜೆರಾಕ್ಸ್ ಒಂದನ್ನೇ ಲಗತ್ತಿಸಿ ಸುಮ್ಮನಾದರೆ ಅರ್ಜಿ ನಿಲ್ಲುವುದಿಲ್ಲ. ಆದರೆ ಅದೇ ನಿಯಮ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯ ಅನ್ನುತ್ತದೆ. ಹೇಳುವವರು ಅರ್ಜಿದಾರರಾಗಿರಬಾರದು, ಹೇಳಿದ್ದು ಬರಹದಲ್ಲಿರಬೇಕು. "ಇವರು ಬಹಳ ಕಾಲದಿಂದ ಇದ್ದಾರೆ" ಎಂದು ಬರೆಸಿದರೆ ಪ್ರಯೋಜನವಿಲ್ಲ. ಅರ್ಜಿದಾರರ ಅಜ್ಜನ ಹೆಸರು, ಮುಳುಗಿದ ಊರು ಯಾವುದು, ಯಾವಾಗ ಇಲ್ಲಿಗೆ ಬಂದರು, ಯಾರ ಗದ್ದೆ ಮಾಡುತ್ತಿದ್ದರು, ಬಾವಿ ತೋಡಿದ್ದು ಯಾರು: ಇವೆಲ್ಲ ಬರಬೇಕು. ವಯಸ್ಸಾದವರು ಇರುವಾಗಲೇ ಬರೆಸಿಕೊಳ್ಳಿ, ಈ ಕೆಲಸ ಮುಂದೂಡುವಂಥದ್ದಲ್ಲ.

ನೆಲದ ಮೇಲಿನ ಗುರುತುಗಳೂ ಸಾಕ್ಷ್ಯವೇ. ಮನೆಯ ತಳಪಾಯ, ಬಾವಿ, ಗದ್ದೆಯ ಬದು, ಸಮಾಧಿ, ಚೌಡಿಬನ (ಚೌಡಿ ದೇವತೆಯ ಬನ) ಎಲ್ಲವನ್ನೂ ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಯವರು ಸ್ಥಳಕ್ಕೆ ಬಂದ ದಿನ ತೋರಿಸಿ, ವರದಿಯಲ್ಲಿ ಸೇರಿಸುವವರೆಗೂ ಬಿಡಬೇಡಿ. ಒತ್ತುವರಿ ಎಂದು ಅಪ್ಪನ ಮೇಲೆ ಹಳೆಯ ಅರಣ್ಯ ಕೇಸು ಇದ್ದರೆ ಅದನ್ನು ಮುಚ್ಚಿಡುವವರೇ ಹೆಚ್ಚು. ಮುಚ್ಚಿಡಬೇಡಿ! ನ್ಯಾಯಾಲಯದ ಕಡತವೂ ಸಾಕ್ಷ್ಯ. 2005ಕ್ಕಿಂತ ಹಿಂದೆಯೇ ಅಲ್ಲಿ ಸಾಗುವಳಿ ಇತ್ತು ಎಂಬುದನ್ನು ಅದು ಇಲಾಖೆಯ ಬಾಯಿಂದಲೇ ಹೇಳಿಸುತ್ತದೆ. ಉಪಗ್ರಹ ಚಿತ್ರದಲ್ಲಿ ಕಾಣಲಿಲ್ಲ ಎಂದರೆ ಹೆದರಬೇಕಿಲ್ಲ. ಅದು ಬೇರೆ ಸಾಕ್ಷ್ಯಗಳಿಗೆ ಪೂರಕವೇ ಹೊರತು ಅವುಗಳ ಬದಲಿಗೆ ಅಲ್ಲ ಎಂದು ಆ ನಿಯಮಗಳ 2012ರ ತಿದ್ದುಪಡಿಯೇ ಹೇಳುತ್ತದೆ.

ವಿಸ್ತೀರ್ಣ ಬರೆಯುವಾಗ ಆಸೆ ಬೇಡ. ಗರಿಷ್ಠ ಮಿತಿ 4 ಹೆಕ್ಟೇರ್, ಅಂದರೆ 9 ಎಕರೆ 35 ಗುಂಟೆ. ಆದರೂ ನಿಜವಾಗಿ ಸಾಗುವಳಿ ಇರುವಷ್ಟಕ್ಕೇ ಹಕ್ಕು. ಒಂದೂವರೆ ಎಕರೆ ಇದ್ದು ಮೂರು ಎಂದು ಬರೆದರೆ ಜಿಪಿಎಸ್ ಅಳತೆಯಲ್ಲಿ ತಾಳೆಯಾಗದೆ ಉಳಿದದ್ದರ ಮೇಲೂ ಅನುಮಾನ ಬರುತ್ತದೆ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಬರಬೇಕು, ಅರ್ಜಿಯಲ್ಲಿ ಹೆಂಡತಿಯ ಹೆಸರು ಬಿಡಬೇಡಿ.

ಅರ್ಜಿ ಕೊಟ್ಟ ಕೂಡಲೇ ಸಮಿತಿಯಿಂದ ಸ್ವೀಕೃತಿ ಪಡೆಯಿರಿ. ವಜಾ ಆದರೆ ಕಾರಣ ಬರೆದ ಆದೇಶ ಕೇಳಿ, ಬಾಯಲ್ಲಿ ಹೇಳಿದ್ದಕ್ಕೆ ವಾಪಸ್ ಬರಬೇಡಿ. ಗ್ರಾಮಸಭೆಯ ತೀರ್ಮಾನದ ವಿರುದ್ಧ ಉಪವಿಭಾಗ ಮಟ್ಟದ ಸಮಿತಿಗೆ, ಅದರ ವಿರುದ್ಧ ಜಿಲ್ಲಾ ಸಮಿತಿಗೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಪರಿಶೀಲನೆ ಮುಗಿಯುವ ತನಕ ಅರ್ಹರನ್ನು ಒಕ್ಕಲೆಬ್ಬಿಸುವಂತಿಲ್ಲ ಎಂದು ಕಾಯ್ದೆಯ ಕಲಂ 4(5) ಹೇಳುತ್ತದೆ. ಅದನ್ನು ಬರೆದುಕೊಂಡು, ಸ್ವೀಕೃತಿಯ ಜೊತೆಗೇ ಇಟ್ಟುಕೊಳ್ಳಿ.